ಇಲ್ಲೇ ಇದ್ದೇನೆ, ಅಷ್ಟೇ

'ಹೇಗಿದ್ದೀರಿ?' ಎಂದು ಕೇಳಿದರೆ ನಾವು 'ಚೆನ್ನಾಗಿದ್ದೇನೆ' ಎನ್ನುತ್ತೇವೆ, ಇಲ್ಲವೇ 'ಏನೋ ನಡೀತಾ ಇದೆ' ಎಂದು ಸಣ್ಣಗೆ ಉಸಿರು ಬಿಡುತ್ತೇವೆ. ಸೆನೆಗಾಲ್ ದೇಶದ ವೊಲೊಫ್ ಭಾಷೆಯವರು ಇವೆರಡನ್ನೂ ಮಾಡುವುದಿಲ್ಲ. 'ನಂಗ ದೆಫ್?' ಎಂದು ಅವರನ್ನು ಕೇಳಿ ನೋಡಿ. 'ಮಾಂಗಿ ಫಿ ರೆಕ್' ಎಂಬ ಉತ್ತರ ಬರುತ್ತದೆ. ಹಾಗೆಂದರೆ, 'ಇಲ್ಲೇ ಇದ್ದೇನೆ, ಅಷ್ಟೇ.' ನಾವು ಕೇಳಿದ್ದು ಹೇಗಿದ್ದೀರಿ ಎಂದು, ಅವರು ಹೇಳಿದ್ದು ಎಲ್ಲಿದ್ದೇನೆ ಎಂದು! ಶಾಲೆಯ ಪರೀಕ್ಷೆಯಲ್ಲಾದರೆ ಇಂಥ ಉತ್ತರಕ್ಕೆ ಸೊನ್ನೆ ಸಿಗುತ್ತಿತ್ತು. ಆದರೆ ಎರಡು ವರ್ಷ ಆ ಜನರ ನಡುವೆ ಇದ್ದು ಬಂದ ಮೇಲೆ, ಆ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ಇದೆಯೇ ಎಂದು ನನಗೆ ಸಂಶಯ ಬರತೊಡಗಿದೆ.

ನಮ್ಮವರ ಕೆಲಸದ ನಿಮಿತ್ತ 2022ರಿಂದ ಎರಡು ವರ್ಷ ನಾವು ಡಾಕರ್‌ನಲ್ಲಿದ್ದೆವು. ಆಫ್ರಿಕದ ನಕಾಶೆಯಲ್ಲಿ ಪಶ್ಚಿಮದ ಕಡೆ ಮೂಗಿನ ಹಾಗೆ ಚಾಚಿಕೊಂಡಿರುವ ತುದಿಯೇ ಡಾಕರ್. ಅದರಾಚೆ ಬರೀ ಅಟ್ಲಾಂಟಿಕ್ ಸಮುದ್ರ. ಇಡೀ ದೇಶದ ಜನಸಂಖ್ಯೆ 2023ರ ಗಣತಿಯಂತೆ ಸುಮಾರು 1 ಕೋಟಿ 80 ಲಕ್ಷ. ನಮ್ಮ ಕರ್ನಾಟಕದ ಮೂರರಲ್ಲೊಂದು ಪಾಲೂ ಇಲ್ಲ. 1960ರಲ್ಲಿ ಫ್ರೆಂಚರಿಂದ ಸ್ವಾತಂತ್ರ್ಯ ಪಡೆದ ಈ ದೇಶದಲ್ಲಿ ಕಚೇರಿಯ ಕಾಗದಪತ್ರ ಇವತ್ತಿಗೂ ಫ್ರೆಂಚಿನಲ್ಲೇ. ಆದರೆ ಸಂತೆ, ಬಸ್ಸು, ಅಡುಗೆಮನೆ, ಜಗಳ, ಜೋಗುಳ ಇವೆಲ್ಲ ಹೆಚ್ಚಾಗಿ ವೊಲೊಫ್. ಮನೆಯಲ್ಲಿ ಬೇರೆ ಭಾಷೆ ಆಡುವವರೂ ಬೀದಿಗೆ ಬಂದರೆ ವೊಲೊಫ್ ಆಡುತ್ತಾರೆ. ನಾವಿದ್ದದ್ದು ಯೋಫ್ ಎಂಬಲ್ಲಿ. ಅದು ಮೀನುಗಾರರ ಹಳೆಯ ಊರು. ಬೆಳೆಯುತ್ತಾ ಬಂದ ನಗರ ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ದಂಡೆಯ ಮರಳಿನ ಮೇಲೆ ಸಾಲಾಗಿ ಬಣ್ಣ ಬಳಿದ ಉದ್ದುದ್ದ ದೋಣಿಗಳು.

ನನಗೆ ವೊಲೊಫ್ ಕಲಿಸಿದವರು ಎದುರು ಮನೆಯ ತಾಯಿ. ಅರವತ್ತು ದಾಟಿದವರು. ಊರವರೆಲ್ಲ ಅವರನ್ನು 'ಯಾಯ್' ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಯಾಯ್ ಎಂದರೆ ತಾಯಿ. ನಮ್ಮ ಪದದ ಮೊದಲಕ್ಷರ ಬಿದ್ದುಹೋದಂತಿರುವ ಈ ಹೆಸರು ನನ್ನ ನಾಲಿಗೆಗೆ ಮೊದಲ ದಿನವೇ ಹೊಂದಿಕೊಂಡಿತು. ಅವರು ಪುಸ್ತಕ ಹಿಡಿದು ಕಲಿಸಿದವರಲ್ಲ. ಬೆಳಿಗ್ಗೆ ಬಾಗಿಲು ತೆರೆದಾಗ ಶುರುವಾಗುತ್ತಿತ್ತು ಪಾಠ. ಮೊದಲು 'ಸಲಾಮಾಲೇಕುಮ್', ಅದಕ್ಕೆ ಮರುಮಾತು. ಆಮೇಲೆ 'ಜಾಮಂಗ ಫನಾನೆ?' ಅಂದರೆ 'ರಾತ್ರಿ ನೆಮ್ಮದಿಯಿಂದ ಕಳೆಯಿತೇ?' ಇದಕ್ಕೆ 'ಜಾಮ್ ರೆಕ್' ಎನ್ನಬೇಕು: 'ನೆಮ್ಮದಿಯೊಂದೇ.' ಆಮೇಲೆ 'ನಂಗ ದೆಫ್?' ಅದಕ್ಕೆ 'ಮಾಂಗಿ ಫಿ ರೆಕ್.' ಇಷ್ಟಕ್ಕೆ ಮುಗಿಯಿತೆಂದು ತಿಳಿಯಬೇಡಿ. 'ಅನ ವಾ ಕೆರ್ ಗ?' ಎಂಬುದು ಇನ್ನೂ ಬಾಕಿ ಇದೆ. 'ಮನೆಯವರೆಲ್ಲ ಎಲ್ಲಿ?' ಎಂದು ಅದರರ್ಥ. ಉತ್ತರ, 'ನ್ಯುಂಗ ಫ', 'ಅವರು ಅಲ್ಲಿದ್ದಾರೆ.' ಗಂಡ, ಮಕ್ಕಳು, ಕೆಲಸ, ಮೈಯ ಆರೋಗ್ಯ, ಎಲ್ಲದರ ವಿಚಾರಣೆಯೂ ಒಂದೊಂದಾಗಿ ಆಗಬೇಕು. ನಡುವೆ ಒಮ್ಮೆ 'ಅಲ್ಹಮ್ದುಲಿಲ್ಲಾ' ಎಂದು ದೇವರ ಸ್ಮರಣೆ. ಆಮೇಲೆ ಮತ್ತೆ ಮೊದಲಿನಿಂದ 'ನಂಗ ದೆಫ್?' ಎಂದರೂ ಆಶ್ಚರ್ಯವಿಲ್ಲ. ಕೇಳುವವರೂ ಹೇಳುವವರೂ ಒಬ್ಬರ ಮಾತಿನ ಮೇಲೆ ಒಬ್ಬರು ಮಾತು ಹಾಕುತ್ತಾ, ರಾಗವಾಗಿ, ಕೈ ಹಿಡಿದುಕೊಂಡೇ ಇದನ್ನು ನಡೆಸುತ್ತಾರೆ.

ಸಂತೆಯಲ್ಲೂ ಇದೇ ಕ್ರಮ. ಟೊಮೆಟೊ ರಾಶಿಯ ಮುಂದೆ ನಿಂತು ಯಾರಾದರೂ ಪರದೇಶದವರು ನೇರವಾಗಿ ಬೆಲೆ ಕೇಳಿದರೆ, ಮಾರುವ ಹೆಂಗಸು ಬೆಲೆ ಹೇಳುವುದಿಲ್ಲ. 'ಸಲಾಮಾಲೇಕುಮ್' ಎಂದು ನಗುತ್ತಾಳೆ. ಮೊದಲು ನಾನು ಮನುಷ್ಯಳು, ಆಮೇಲೆ ಟೊಮೆಟೊ ಮಾರುವವಳು ಎಂಬುದನ್ನು ಅವಳು ಸಿಟ್ಟಿಲ್ಲದೆ ನೆನಪು ಮಾಡಿಕೊಡುವ ರೀತಿ ಅದು. ಕೊಂಡು ಮುಗಿಸಿ 'ಜೆರೆಜೆಫ್' ಎಂದು ಉಪಕಾರ ಹೇಳಿದರೆ 'ನ್ಯೋ ಕೊ ಬೊಕ್' ಎನ್ನುತ್ತಾಳೆ. 'ಅದು ನಮ್ಮಿಬ್ಬರದೂ' ಎಂದು ಅದರ ಭಾವ. ಉಪಕಾರವನ್ನು ಕೂಡ ಒಬ್ಬರೇ ಇಟ್ಟುಕೊಳ್ಳುವ ಹಾಗಿಲ್ಲ!

ಇಷ್ಟು ಚೆಂದದ ಪದ್ಧತಿಯ ಬಗ್ಗೆ ನನ್ನ ಮನಸ್ಸಿನಲ್ಲಿ ಒಂದು ತಕರಾರು ಮೊದಲಿಂದಲೂ ಇತ್ತು. ಆ ತಕರಾರು ನನ್ನದಲ್ಲ, ನನ್ನ ಅಪ್ಪನದು. ಧಾರವಾಡದಲ್ಲಿ ಅಪ್ಪ ಶಾಲಾ ಮಾಸ್ತರರಾಗಿದ್ದರು. ನಮ್ಮ ಕಡೆ ಎದುರಿಗೆ ಬಂದವರನ್ನು 'ಆರಾಮ ಅದೀರೇನ್ರಿ?' ಎಂದು ಕೇಳುವುದು ವಾಡಿಕೆ, 'ಹೂಂ, ಆರಾಮ' ಎಂದು ಹೇಳುವುದೂ ವಾಡಿಕೆ. ಅಪ್ಪ ಮಾತ್ರ ಹಾಗೆ ಹೇಳುತ್ತಿರಲಿಲ್ಲ. 'ಎಲ್ಲಿ ಆರಾಮರೀ? ಮೊಣಕಾಲು ಹಿಡದಾವ, ರಾತ್ರಿ ನಿದ್ದಿ ಇಲ್ಲ, ಪಿಂಚಣಿ ಕಾಗದ ಇನ್ನೂ ಬಂದಿಲ್ಲ' ಎಂದು ಶುರು ಮಾಡಿದರೆ, ಕೇಳಿದವರು ಸೈಕಲ್ಲಿನ ಮೇಲೆ ಒಂದು ಕಾಲಿಟ್ಟುಕೊಂಡು ಒದ್ದಾಡುತ್ತಿದ್ದರು. ಅವರು ತಪ್ಪಿಸಿಕೊಂಡು ಹೋದ ಮೇಲೆ ಅಪ್ಪ ನಮ್ಮ ಕಡೆ ತಿರುಗಿ, 'ಕೇಳೂದಿದ್ರ ಖರೇನ ಕೇಳ್ಬೇಕು, ಇಲ್ಲಾಂದ್ರ ಸುಮ್ನ ಹೋಗ್ಬೇಕು' ಎನ್ನುತ್ತಿದ್ದರು. ಉತ್ತರ ಬೇಡದೆ ಕೇಳಿದ ಪ್ರಶ್ನೆ ಒಂದು ಸುಳ್ಳು, ನಿಜವಲ್ಲದ ಉತ್ತರ ಇನ್ನೊಂದು ಸುಳ್ಳು, ದಿನಕ್ಕೆ ಹತ್ತು ಸಲ ಇಂಥ ಜೋಡಿ ಸುಳ್ಳು ಹೇಳಿದರೆ ಬಾಯಿಗೆ ಅದೇ ರೂಢಿಯಾಗುತ್ತದೆ ಎಂಬುದು ಅವರ ವಾದ.

ಈ ವಾದವನ್ನು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ. ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ 1923ರಲ್ಲೇ ಇದಕ್ಕೊಂದು ಸಮಾಧಾನ ಹೇಳಿದ್ದಾನೆ. ಹವೆಯ ಬಗ್ಗೆ, ಆರೋಗ್ಯದ ಬಗ್ಗೆ ನಾವು ಆಡುವ ಇಂಥ ಮಾತು ವಿಷಯ ತಿಳಿಸುವುದಕ್ಕಲ್ಲ, ಮನುಷ್ಯರ ನಡುವೆ ನಂಟು ಕಟ್ಟುವುದಕ್ಕೆ ಎಂದು. ನಿಜವೇ. ಆದರೆ ಅಪ್ಪ ಇದ್ದಿದ್ದರೆ, 'ಸುಳ್ಳಿನ ದಾರದಲ್ಲಿ ಕಟ್ಟಿದ ನಂಟು ಎಷ್ಟು ದಿನ ತಾಳತದ?' ಎಂದು ಕೇಳುತ್ತಿದ್ದರು. ಯಾಯ್ ಅವರ ಎದುರು ನಿಂತು ದಿನವೂ 'ಜಾಮ್ ರೆಕ್' ಎನ್ನುವಾಗ ನನಗೆ ಅಪ್ಪನ ಮುಖ ನೆನಪಾಗುತ್ತಿತ್ತು. ಹಿಂದಿನ ರಾತ್ರಿ ತಲೆನೋವಿನಿಂದ ಹೊರಳಾಡಿರುತ್ತಿದ್ದೆ. ಆದರೂ 'ನೆಮ್ಮದಿಯೊಂದೇ!'

ಹೀಗಿರುವಾಗ ಆ ಭಾಷೆಯಲ್ಲಿ ಒಂದು ಸಣ್ಣ ಸಂಗತಿ ನನ್ನ ಕಣ್ಣಿಗೆ ಬಿತ್ತು. 'ಮಾಂಗಿ ಫಿ' ಎನ್ನುವಾಗಿನ 'ಫಿ' ಎಂದರೆ ಇಲ್ಲಿ. 'ನ್ಯುಂಗ ಫ' ಎನ್ನುವಾಗಿನ 'ಫ' ಎಂದರೆ ಅಲ್ಲಿ. ಹತ್ತಿರದ ಮನೆ 'ಕೆರ್ ಗಿ', ದೂರದ ಮನೆ 'ಕೆರ್ ಗ'. ಇ-ಕಾರ ಹತ್ತಿರಕ್ಕೆ, ಅ-ಕಾರ ದೂರಕ್ಕೆ. ಥೇಟು ನಮ್ಮ ಇಲ್ಲಿ-ಅಲ್ಲಿ, ಇವನು-ಅವನು, ಇಷ್ಟು-ಅಷ್ಟು! ಸಾವಿರಾರು ಮೈಲು ದೂರದಲ್ಲಿ ತವರಿನ ಸೀರೆಯ ಅಂಚು ಕಂಡಷ್ಟು ಖುಷಿಯಾಯಿತು ನನಗೆ.

ಈ ಖುಷಿ ಪಟ್ಟವರಲ್ಲಿ ನಾನು ಮೊದಲಿನವಳಲ್ಲ. ಸೆನೆಗಾಲಿನ ಮೊದಲ ಅಧ್ಯಕ್ಷ, ಕವಿ ಲಿಯೊಪೋಲ್ಡ್ ಸೆಂಗೋರ್ ಅವರಿಗೆ ಆಫ್ರಿಕದವರಿಗೂ ದ್ರಾವಿಡರಿಗೂ ಹಳೆಯ ನಂಟಿದೆ ಎಂಬ ನಂಬಿಕೆ ಬಲವಾಗಿತ್ತು. 1970ರ ದಶಕದಲ್ಲಿ ನಮ್ಮ ಕರಾವಳಿಯ ಭಾಷಾವಿಜ್ಞಾನಿ ಯು.ಪಿ. ಉಪಾಧ್ಯಾಯರು ಡಾಕರ್‌ಗೆ ಹೋಗಿ ಆ ಭಾಷೆಗಳನ್ನು ದ್ರಾವಿಡ ಭಾಷೆಗಳ ಜೊತೆ ಹೋಲಿಸಿ ಅಧ್ಯಯನ ಮಾಡಿದರು. ಅವರೂ, ಸ್ವತಃ ಭಾಷಾವಿಜ್ಞಾನಿಯಾಗಿದ್ದ ಅವರ ಪತ್ನಿ ಸುಶೀಲಾ ಉಪಾಧ್ಯಾಯರೂ ಕೂಡಿ ಬರೆದ ಇಂಗ್ಲಿಷ್ ಪುಸ್ತಕ 1983ರಲ್ಲಿ ಪ್ರಕಟವಾಯಿತು. ಆಮೇಲೆ ಉಡುಪಿಯಲ್ಲಿ ಆರು ಸಂಪುಟಗಳ ತುಳು ನಿಘಂಟನ್ನು ಸಂಪಾದಿಸಿದ್ದೂ ಇದೇ ಉಪಾಧ್ಯಾಯರು. ಆದರೆ ಬಹುಪಾಲು ಭಾಷಾವಿಜ್ಞಾನಿಗಳು ಈ ನಂಟನ್ನು ಒಪ್ಪುವುದಿಲ್ಲ. ವೊಲೊಫ್‌ನದು ನೈಜರ್-ಕಾಂಗೊ ಎಂಬ ದೊಡ್ಡ ಮನೆತನ, ನಮ್ಮದು ಬೇರೆಯೇ ಮನೆತನ. ಇ-ಕಾರ ಹತ್ತಿರಕ್ಕೂ ಅ-ಕಾರ ದೂರಕ್ಕೂ ಬರುವುದು ಜಗತ್ತಿನ ಸಂಬಂಧವೇ ಇಲ್ಲದ ಹಲವು ಭಾಷೆಗಳಲ್ಲಿ ಕಾಣುವ ಮಾತು ಎನ್ನುತ್ತಾರೆ. ಇರಲಿ. ರಕ್ತಸಂಬಂಧ ಇಲ್ಲದಿದ್ದರೇನು, ನೆರೆಹೊರೆಯವರೂ ಒಮ್ಮೊಮ್ಮೆ ಒಂದೇ ಥರ ನಗುವುದಿಲ್ಲವೇ?

ವೊಲೊಫ್ ಕುಶಲಪ್ರಶ್ನೆಯನ್ನು ಬರೀ ಸಕ್ಕರೆ ಎಂದು ತಿಳಿಯಬಾರದು. ಜೂಡಿತ್ ಅರ್ವಿನ್ ಎಂಬ ಅಮೆರಿಕದ ವಿದುಷಿ ಅಲ್ಲಿನ ಹಳ್ಳಿಯಲ್ಲಿದ್ದು ಇದನ್ನೇ ಅಧ್ಯಯನ ಮಾಡಿ 1974ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ಕಂಡ ಸಂಗತಿ ಇದು. ಇಬ್ಬರು ಕುಶಲ ಕೇಳಿಕೊಳ್ಳುವಾಗ ಇಬ್ಬರೂ ಸಮಾನರಾಗಿ ಉಳಿಯುವುದಿಲ್ಲ. ಹತ್ತಿರ ಬಂದು ಮೊದಲು ಕೇಳುವವರು ಕೆಳಗಿನವರು, ಚುಟುಕಾಗಿ ಉತ್ತರ ಕೊಡುವವರು ಮೇಲಿನವರು. ಅಲ್ಲಿನ ಸಮಾಜದಲ್ಲೂ ಹುಟ್ಟಿನಿಂದ ಬರುವ ಶ್ರೇಣಿಗಳಿವೆ. ಕುಲೀನರೆನಿಸಿಕೊಂಡವರು ಹೆಚ್ಚು ಮಾತಾಡಬಾರದು; ವಂಶದ ಹೊಗಳಿಕೆ ಹಾಡುವ ಗೆವೆಲ್ ಎಂಬ ಮನೆತನದವರು ಧಾರಾಳವಾಗಿ ಮಾತಾಡಬಹುದು. ಆದರೆ ಮೇಲಿನ ಸ್ಥಾನಕ್ಕೆ ಬೆಲೆಯೂ ತೆರಬೇಕು. ಮೇಲಿನವರೆಂದ ಮೇಲೆ ಕೇಳಿದವರಿಗೆ ಕೊಡಲೇಬೇಕು. ಹಾಗಾಗಿ ಜಾಣರು ಕೆಲವೊಮ್ಮೆ ಬೇಕೆಂದೇ ಮೊದಲು ಓಡಿಬಂದು ಕುಶಲ ಕೇಳಿ ಕೆಳಗಿನ ಜಾಗ ಹಿಡಿಯುತ್ತಾರಂತೆ!

ಇದು ನನಗೂ ಅನುಭವಕ್ಕೆ ಬಂದಿತ್ತು. 'ಮನೆಯವರೆಲ್ಲ ಎಲ್ಲಿ? ಮೈ ಹೇಗಿದೆ?' ಎಂದು ಹತ್ತು ಪ್ರಶ್ನೆಯ ನಂತರ, ಅಕ್ಕಿ ತರಲು ಸ್ವಲ್ಪ ದುಡ್ಡು ಬೇಕಿತ್ತು ಎಂಬ ಮಾತು ಬಂದದ್ದುಂಟು. ಆಗ ಅಪ್ಪನ ಪಕ್ಷಕ್ಕೇ ಬಲ ಬರುತ್ತಿತ್ತು. ಆದರೆ ಇನ್ನೊಂದು ದಿನ ಬೇರೆ ಥರ ಯೋಚನೆ ಬರುತ್ತಿತ್ತು. ಬೇಕಾದದ್ದನ್ನು ಕೇಳುವ ಮೊದಲು ನನ್ನ ಮಕ್ಕಳ ಹೆಸರು ನೆನಪಿಟ್ಟು ವಿಚಾರಿಸುವುದು ಸುಳ್ಳೇ ಆಗಬೇಕೆಂದೇನಿದೆ? ಯಾಯ್ ಅವರ ಮನೆಯಲ್ಲಿ ಕೆಲಸಕ್ಕೆ ಬರುವ ಹುಡುಗಿ ಒಬ್ಬಳಿದ್ದಳು. ಬೆಳಿಗ್ಗೆ ಅವಳು ಬಂದೊಡನೆ ಯಾಯ್ ಅವಳ ರಾತ್ರಿ, ಅವಳ ತಾಯಿ, ಅವಳ ಹಳ್ಳಿ ಎಲ್ಲವನ್ನೂ ವಿಚಾರಿಸಿಯೇ ಪೊರಕೆಯ ಕಡೆ ಕೈ ತೋರಿಸುತ್ತಿದ್ದರು. ಸಂಬಳ ಕಡಿಮೆ, ಕೆಲಸ ಬೆಟ್ಟದಷ್ಟು, ಅದರಲ್ಲಿ ವ್ಯತ್ಯಾಸವಿಲ್ಲ. ಆದರೂ ನಮ್ಮೂರುಗಳಲ್ಲಿ ಹಿತ್ತಿಲ ಬಾಗಿಲಿನಿಂದ ಬರುವವಳಿಗೆ ನಾವು ಆಡುವ ಮೊದಲ ಮಾತು ಸಾಮಾನ್ಯವಾಗಿ 'ಯಾಕ ಇಷ್ಟೊತ್ತಾತು?' ಎಂಬುದು. ಎರಡರಲ್ಲಿ ಯಾವುದು ಹೆಚ್ಚು ಸತ್ಯವಂತ ಮಾತು ಎಂದು ಕೇಳಿದರೆ ಅಪ್ಪ ಏನೆನ್ನುತ್ತಿದ್ದರೋ!

ನನ್ನ ತಕರಾರಿಗೆ ಉತ್ತರ ಸಿಕ್ಕಿದ್ದು ಒಂದು ದುಃಖದಲ್ಲಿ.

ಸೆನೆಗಾಲ್ ಎಂಬ ಹೆಸರೇ 'ಸುನು ಗಾಲ್', ಅಂದರೆ 'ನಮ್ಮ ದೋಣಿ' ಎಂಬುದರಿಂದ ಬಂತೆಂದು ಅಲ್ಲಿನವರು ಹೇಳಿಕೊಳ್ಳುತ್ತಾರೆ. ಆ ದೋಣಿಗಳಲ್ಲಿ ಈಗ ಮೀನಷ್ಟೇ ಬರುವುದಿಲ್ಲ, ಮಕ್ಕಳೂ ಹೋಗುತ್ತಾರೆ. ಅಲ್ಲಿಂದ ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳಿಗೆ ಸುಮಾರು 1,500 ಕಿಲೋಮೀಟರ್. ತೆರೆದ ದೋಣಿಯಲ್ಲಿ ಒಂದು ವಾರ, ಹತ್ತು ದಿನ. 2006ರಲ್ಲಿ ಪಶ್ಚಿಮ ಆಫ್ರಿಕದ ಕರಾವಳಿಯಿಂದ ಹೀಗೆ ಆ ದ್ವೀಪಗಳನ್ನು ಮುಟ್ಟಿದವರು 30 ಸಾವಿರಕ್ಕೂ ಹೆಚ್ಚು. 2023ರಲ್ಲಿ ಆ ಸಂಖ್ಯೆ 40 ಸಾವಿರದ ಹತ್ತಿರ, 2024ರಲ್ಲಿ 46 ಸಾವಿರ ದಾಟಿತು. ಇದು ಮುಟ್ಟಿದವರ ಲೆಕ್ಕ. ಮುಟ್ಟದವರ ಲೆಕ್ಕವನ್ನು ಸಮುದ್ರ ಕೊಡುವುದಿಲ್ಲ. 'ಬಾರ್ಸಾ ವಲ್ಲ ಬರ್ಸಾಖ್' ಎಂದು ಹುಡುಗರಲ್ಲಿ ಒಂದು ಮಾತಿದೆ: ಒಂದೋ ಬಾರ್ಸಿಲೋನ, ಇಲ್ಲವೋ ಸತ್ತವರು ಕಾಯುವ ಲೋಕ. ಡಾಕರ್ ಪಕ್ಕದ ತಿಯರಾಯ್-ಸುರ್-ಮೇರ್ ಎಂಬ ಮೀನುಗಾರರ ಊರಿನಲ್ಲಿ ಯಾಯಿ ಬಾಯಾಂ ದಿಯುಫ್ ಎಂಬ ತಾಯಿ 2006ರಲ್ಲಿ ತನ್ನ ಒಬ್ಬನೇ ಮಗನನ್ನು ಹೀಗೆ ಕಳೆದುಕೊಂಡು, ಅಂಥದೇ ದುಃಖದ ಹೆಂಗಸರನ್ನು ಸೇರಿಸಿ ಸಂಘ ಕಟ್ಟಿದರು. ಮಕ್ಕಳು ದೋಣಿ ಹತ್ತದಂತೆ ಮನವೊಲಿಸುವುದು ಆ ತಾಯಂದಿರ ಕೆಲಸ.

2023ರ ಅಕ್ಟೋಬರಿನ ಒಂದು ರಾತ್ರಿ ನಮ್ಮ ಎದುರು ಮನೆಯ ಯಾಯ್ ಅವರ ಕಿರಿಯ ಮಗನೂ ಹೋದ. ಹೇಳದೇ ಹೋದ. ಬೆಳಿಗ್ಗೆ ಯಾಯ್ ಎಂದಿನಂತೆ ಬಾಗಿಲ ಬಳಿ ಮೋಟು ಕಾಲಿನ ಮಣೆ ಹಾಕಿಕೊಂಡು ಕುಳಿತಿದ್ದರು. ಬೀದಿಗೆಲ್ಲ ಸುದ್ದಿ ಗೊತ್ತಾಗಿತ್ತು. ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಯಾರೂ ಅಳಲಿಲ್ಲ, 'ಛೆ, ಹೀಗಾಯಿತಲ್ಲ' ಎನ್ನಲಿಲ್ಲ. 'ಜಾಮಂಗ ಫನಾನೆ?' ಎಂದರು. ರಾತ್ರಿ ನೆಮ್ಮದಿಯಿಂದ ಕಳೆಯಿತೇ? 'ಜಾಮ್ ರೆಕ್' ಎಂದರು ಯಾಯ್. 'ಅನ ವಾ ಕೆರ್ ಗ?' ಮನೆಯವರೆಲ್ಲ ಎಲ್ಲಿ? 'ನ್ಯುಂಗ ಫ.' ಆಮೇಲೆ ಒಬ್ಬಾಕೆ ಮಗನ ಹೆಸರನ್ನೇ ಹಿಡಿದು ಕೇಳಿದಳು. ನನ್ನ ಎದೆ ನಿಂತಂತಾಯಿತು. ಯಾಯ್ ಅದೇ ರಾಗದಲ್ಲಿ ಹೇಳಿದರು: 'ಮುಂಗ ಫ.' ಅವನು ಅಲ್ಲಿದ್ದಾನೆ.

ಅಲ್ಲಿ ಎಂದರೆ ಎಲ್ಲಿ? ಸಮುದ್ರದ ಮೇಲೋ, ಸಮುದ್ರದ ಕೆಳಗೋ? ಯಾರೂ ಕೇಳಲಿಲ್ಲ. ಆ ದಿನವೂ ಕೇಳಲಿಲ್ಲ, ಮುಂದಿನ ತಿಂಗಳುಗಳಲ್ಲೂ ಕೇಳಲಿಲ್ಲ. ನಾವು ಡಾಕರ್ ಬಿಡುವ ತನಕ ಅವನ ಫೋನು ಬರಲಿಲ್ಲ. ಯಾಯ್ ದಿನವೂ 'ಮುಂಗ ಫ' ಎನ್ನುತ್ತಲೇ ಇದ್ದರು.

ಇದು ಸುಳ್ಳೇ? ಆ ರಾತ್ರಿಗಳಲ್ಲಿ ನಾನು ಇದನ್ನೇ ತಿರುವಿ ಹಾಕುತ್ತಿದ್ದೆ. ನನಗೆ ನಮ್ಮ ಧರ್ಮರಾಯ ನೆನಪಾದ. ಕುರುಕ್ಷೇತ್ರದಲ್ಲಿ ದ್ರೋಣರಿಗೆ ಅವನು ಹೇಳಿದ ಮಾತನ್ನು ಅಕ್ಷರ ಹಿಡಿದು ನೋಡಿದರೆ ಸುಳ್ಳಲ್ಲ. ಅಶ್ವತ್ಥಾಮ ಎಂಬ ಆನೆ ಸತ್ತದ್ದು ನಿಜ. ಆದರೆ 'ಆನೆ' ಎಂಬುದು ಕೇಳಿಸದ ಹಾಗೆ ಹೇಳಿದ. ಕೇಳಿದವನು ಮೋಸಹೋಗಲಿ ಎಂದೇ ಹೇಳಿದ. ಅದಕ್ಕೇ ನೆಲದಿಂದ ನಾಲ್ಕು ಬೆರಳು ಮೇಲಿದ್ದ ಅವನ ರಥ ನೆಲಕ್ಕಿಳಿಯಿತು. ಅಲ್ಲಿ ಮಾತು ನಿಜ, ಮನಸ್ಸು ಸುಳ್ಳು. ಯಾಯ್ ಅವರದು ಇದಕ್ಕೆ ತೀರಾ ತಿರುವುಮುರುವು. ರಾತ್ರಿ ನೆಮ್ಮದಿಯಿಂದ ಕಳೆಯಿತು ಎಂಬ ಮಾತು ನಿಜವಲ್ಲ. ಆದರೆ ಕೇಳಿದವರಲ್ಲಿ ಒಬ್ಬರೂ ಮೋಸಹೋಗಲಿಲ್ಲ. ಮೋಸಹೋಗಲಿ ಎಂದು ಅವರು ಹೇಳಿದ್ದೂ ಅಲ್ಲ. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಕೇಳಿದರು, ಗೊತ್ತಿದೆಯೆಂದು ತಿಳಿದೂ ಉತ್ತರ ಕೊಟ್ಟರು. ಯಾರಿಗೂ ಮೋಸವಾಗದ ಮಾತನ್ನು ಸುಳ್ಳೆನ್ನುವುದು ಹೇಗೆ?

ಇನ್ನೂ ಒಂದಿದೆ. ಹೆಸರು ಹಿಡಿದು ಕೇಳುವುದರಿಂದ, ಹಾಗೆ ಉತ್ತರ ಕೊಡುವುದರಿಂದ, ಆ ಹುಡುಗ ಮನೆಯವರ ಲೆಕ್ಕದಲ್ಲಿ ಉಳಿದ. ಅವನನ್ನು ಇಲ್ಲಿಂದ ಅಲ್ಲಿಗೆ ಸರಿಸಬೇಕಾಯಿತು, ನಿಜ. 'ಫಿ' ಹೋಗಿ 'ಫ' ಬಂತು, ಇ-ಕಾರ ಅ-ಕಾರವಾಯಿತು. ಆದರೆ 'ಇಲ್ಲ' ಎಂಬ ಪದ ಬರಲಿಲ್ಲ. ಒಬ್ಬ ತಾಯಿಗೆ ತಾನು ಹೇಳಲಾಗದ್ದನ್ನು ಹೇಳದೆಯೇ, ಹೇಳಬಹುದಾದಷ್ಟನ್ನು ದಿನವೂ ಹೇಳಲು ಆ ಭಾಷೆ ಒಂದು ಜಾಗ ಮಾಡಿಕೊಟ್ಟಿತ್ತು. ದುಃಖದಲ್ಲಿ ಹೊಸ ಮಾತು ಹುಡುಕುವ ಶಕ್ತಿ ಯಾರಿಗಿರುತ್ತದೆ? ಹಿರಿಯರು ಮಾಡಿಟ್ಟ ಮಾತು ಅಂಥ ದಿನ ಊರುಗೋಲಾಗುತ್ತದೆ. ಆ ಕೋಲು ಕೈಗೆ ಒಗ್ಗಬೇಕಾದರೆ ಸುಖದ ದಿನಗಳಲ್ಲೂ ಅದನ್ನು ಹಿಡಿದು ನಡೆದಿರಬೇಕು.

ಅಪ್ಪನ ಮಾತು ಹಾಗಾದರೆ ಪೂರ್ತಿ ಬಿದ್ದುಹೋಯಿತೇ? ಇಲ್ಲ. ಆ ಬೆಳಿಗ್ಗೆ ಕುಶಲ ಕೇಳಿದ ಹೆಂಗಸರು ಕೇಳಿ ಹೊರಟುಹೋಗಿದ್ದರೆ ಅಪ್ಪ ಹೇಳಿದ್ದೇ ಸರಿಯಾಗುತ್ತಿತ್ತು. ಅವರು ಹೋಗಲಿಲ್ಲ. ಚಾಪೆ ಹಾಸಿಕೊಂಡು ಕುಳಿತರು. ಒಬ್ಬಾಕೆ ಒಲೆ ಹಚ್ಚಿದಳು, ಇನ್ನೊಬ್ಬಾಕೆ ಮೀನು ಹಾಕಿ ಬೇಯಿಸುವ ಅವರ ಅನ್ನಕ್ಕೆ ಈರುಳ್ಳಿ ಹೆಚ್ಚಿದಳು. ಮಧ್ಯಾಹ್ನ ದೊಡ್ಡ ಬೋಗುಣಿಯ ಸುತ್ತ ಎಲ್ಲರೂ ಕುಳಿತರು. ತಮ್ಮ ತಟ್ಟೆಯಲ್ಲೇ ಉಣ್ಣುವ ನನ್ನಂಥವಳನ್ನೂ 'ಕಾಯ್ ಲೆಕ್', ಬಾ ಉಣ್ಣು, ಎಂದು ಕರೆದು, ನನಗಾಗಿ ಬದನೆಕಾಯಿ, ಗೆಣಸಿನ ತುಂಡುಗಳನ್ನು ಬೇರೆ ತಟ್ಟೆಗೆ ಹಾಕಿಕೊಟ್ಟರು. ಯಾಯ್ ಎರಡು ತುತ್ತು ತಿಂದರು. 'ನಿತ್ ನಿತಾಯ್ ಗರಬಮ್' ಎಂದು ಅವರಲ್ಲೊಂದು ಗಾದೆಯಿದೆ: ಮನುಷ್ಯನಿಗೆ ಮನುಷ್ಯನೇ ಮದ್ದು. ಆ ಮದ್ದು ಪ್ರಶ್ನೆಯಲ್ಲಿರಲಿಲ್ಲ, ಉತ್ತರದಲ್ಲೂ ಇರಲಿಲ್ಲ. ಕೇಳಿದವರು ಅಲ್ಲೇ ಉಳಿದದ್ದರಲ್ಲಿತ್ತು. ಕುಶಲಪ್ರಶ್ನೆಯ ಸತ್ಯವನ್ನು ಪರೀಕ್ಷಿಸಬೇಕಾದ್ದು ಮಾತಿನಿಂದಲ್ಲ, ಕಾಲಿನಿಂದ. ಕೇಳಿದವರ ಕಾಲು ಎತ್ತ ತಿರುಗಿದೆ ಎಂದು ನೋಡಬೇಕು. ಸೈಕಲ್ಲಿನ ಮೇಲೆ ಒಂದು ಕಾಲಿಟ್ಟುಕೊಂಡು ಕೇಳಿದವರ ಮೇಲೆ ಅಪ್ಪನಿಗೆ ಸಿಟ್ಟು ಬಂದದ್ದೂ ಇದಕ್ಕೇ ಇರಬೇಕು ಎಂದು ಈಗ ತಿಳಿಯುತ್ತದೆ. 'ಇಲ್ಲೇ ಇದ್ದೇನೆ, ಅಷ್ಟೇ' ಎಂಬ ಮಾತನ್ನು ಕೇಳಿಸಿಕೊಂಡವರು ತಾವೂ ಅಷ್ಟು ಹೊತ್ತು ಅಲ್ಲೇ ಇದ್ದರೆ ಸಾಕು, ಅದು ಸತ್ಯವಾಗುತ್ತದೆ.

ನಾವು ಹೊರಡುವ ದಿನ ಯಾಯ್ ನಮ್ಮನ್ನು ಬೀಳ್ಕೊಡಲು ರಸ್ತೆಯ ತನಕ ಬಂದರು. ಎಂದಿನ ಎಲ್ಲ ಪ್ರಶ್ನೆಗಳೂ ಆದವು. ಕೊನೆಗೆ ಅವರು ಚಾಚಿದ್ದು ಎಡಗೈ. ದೂರ ಹೋಗುವವರ ಕೈಯನ್ನು ಅಲ್ಲಿ ಎಡಗೈಯಿಂದ ಹಿಡಿಯುತ್ತಾರೆ. ನಮ್ಮಲ್ಲಿಯ ಹಾಗೆ ಅವರಲ್ಲೂ ಎಡಗೈ ಕೊಡುವುದು ಮರ್ಯಾದೆಯಲ್ಲ. ಅದಕ್ಕೇ ಕೊಡುತ್ತಾರೆ. ಬೇಕೆಂದೇ ಹೀಗೆ ಒಂದು ತಪ್ಪನ್ನು ನಡುವೆ ಉಳಿಸಿಕೊಂಡರೆ, ಅದನ್ನು ಸರಿಪಡಿಸಲಾದರೂ ಮತ್ತೆ ಭೇಟಿಯಾಗಲೇಬೇಕಲ್ಲ ಎಂಬುದು ಅದರ ಅರ್ಥ. ಹೊರಡುವಾಗ 'ಹೋಗ್ತೀನಿ ಅನಬ್ಯಾಡ, ಹೋಗಿ ಬರ್ತೀನಿ ಅನ್ನು' ಎಂದು ನಮ್ಮವ್ವ ಗದರಿಸುತ್ತಿದ್ದುದೂ ಇದೇ ಅಲ್ಲವೇ? ಅವರ ಮಗನಿಗೆ ಎಡಗೈ ಕೊಡಲು ಅವರಿಗೆ ಸಿಗಲಿಲ್ಲ ಎಂಬುದು ಆ ಕ್ಷಣ ನಮ್ಮಿಬ್ಬರ ತಲೆಯಲ್ಲೂ ಬಂದಿರಬೇಕು. ಯಾರೂ ಆಡಲಿಲ್ಲ.

'ಬ ಬೆನೆನ್ ಯೋನ್' ಎಂದರು, ಮತ್ತೊಂದು ಸಲ ಸಿಗುವ ತನಕ. ನಾನೂ ಹಾಗೇ ಹೇಳಿದೆ. ಮತ್ತೆ ಸಿಗುವ ಸಾಧ್ಯತೆ ಎಷ್ಟೆಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಅದು ಸುಳ್ಳು ಎಂದು ನನಗೆ ಅನ್ನಿಸಲಿಲ್ಲ. ಅವರು ಕೈ ಬಿಡುವ ತನಕ ನಾನೂ ಬಿಡಲಿಲ್ಲ.